ಕೆಳಗಿನ ಮನೆಯವರು

ಊರು ಬಿಟ್ಟು ಮಡದಿ ಮಕ್ಕಳೊಂದಿಗೆ ಬೆಂಗಳೂರಿನಲ್ಲಿ ಮೊದಲ ಬಾಡಿಗೆ ಮನೆ ಹೊಕ್ಕಿರುವ ಸಹೋದರರೇ, ಮುಂಗಡ ಕೊಟ್ಟಾಯಿತು, ನಲ್ಲಿಯಲ್ಲಿ ನೀರು ಬರುವ ಹೊತ್ತು ತಿಳಿದಾಯಿತು, ಮಸೀದಿ ಎಷ್ಟು ದೂರವೆಂದೂ ವಿಚಾರಿಸಿದ್ದಾಯಿತು. ಕೆಳಗಿನ ಮನೆಯಲ್ಲಿರುವವರು ಯಾರೆಂದು ಕೇಳಿದಿರಾ?

ಕ್ರಿ.ಶ. 622ರಲ್ಲಿ ಹಿಜ್ರತ್ ಮಾಡಿ ಮದೀನಾಕ್ಕೆ ಬಂದ ಪ್ರವಾದಿವರ್ಯರು(ಸ) ಅಬೂ ಅಯ್ಯೂಬ್ ಅನ್ಸಾರಿ(ರ)ಯವರ ಮನೆಯಲ್ಲಿ ತಂಗಿದರು. ಭೇಟಿಗೆ ಬರುವವರಿಗೆ ಅನುಕೂಲವೆಂದು ಕೆಳ ಅಂತಸ್ತನ್ನೇ ಆರಿಸಿಕೊಂಡರು. ಮನೆಯವರು ಮೇಲಿದ್ದರು. ಒಮ್ಮೆ ಮೇಲೆ ನೀರಿನ ಮಡಕೆ ಒಡೆಯಿತು. ಹೊದೆಯಲು ಇದ್ದುದು ಒಂದೇ ಹೊದಿಕೆ. ಕೆಳಗೆ ಹನಿ ಬೀಳದಿರಲೆಂದು ಗಂಡ ಹೆಂಡತಿ ಅದರಿಂದಲೇ ನೀರನ್ನು ಒರೆಸಿದರು.

ಕೆಳಗಿದ್ದವರು ಅಲ್ಲಾಹನ ರಸೂಲರಲ್ಲವೇ ಎನ್ನುವಿರಿ. ನಿಜ. ಆದರೆ ಜಿಬ್ರೀಲ್(ಅ) ನೆರೆಯವರ ಹಕ್ಕನ್ನು ಒತ್ತಿ ಒತ್ತಿ ಹೇಳಿದಾಗ, ಅವರನ್ನು ವಾರಸುದಾರರನ್ನೇ ಮಾಡಿಬಿಡುವರೇನೋ ಎಂದು ತಮಗನಿಸಿತೆಂದು ಆ ರಸೂಲರೇ(ಸ) ಹೇಳಿದ್ದಾರೆ. ಇದನ್ನು ಕೇಳಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಕುರಿ ಕೊಯ್ದಾಗ, ನೆರೆಯ ಯಹೂದಿಗೆ ಕಳುಹಿಸಿದಿರಾ ಎಂದು ವಿಚಾರಿಸಿದರು.

ನಿಮ್ಮ ಕೆಳಗಿನವರು ಮಾಂಸ ತಿನ್ನದವರಿರಬಹುದು. ಖರ್ಜೂರ ತಿನ್ನುತ್ತಾರಲ್ಲ! ಮಕ್ಕಳ ಓಡಾಟದ ಸದ್ದು ಅವರ ನೆತ್ತಿಯ ಮೇಲೆಯೇ ಕೇಳಿಸುತ್ತಿರುತ್ತದೆ. ಅವರು ದೂರು ಹೇಳಲು ಮೇಲೆ ಬರುವ ಮೊದಲೇ, ಇಂದು ಮಗ್ರಿಬ್ ಮುಗಿಸಿ ನೀವಿಬ್ಬರೂ ಕೆಳಗಿಳಿದು ಮಾತನಾಡಿಸಿ ಬನ್ನಿ.