ಸಾವಿನ ಮಾತುಗಳ ಸಾವು

ಹುಟ್ಟಿದ ಜೀವಿಗೆ ಮರಣವು ತಪ್ಪಿದುದಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಮರಣವನ್ನು ಕುರಿತು ಮನುಷ್ಯನು ಆಡುವ ಮಾತುಗಳಿಗೂ ಮರಣವುಂಟೆಂಬುದನ್ನು ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಒಂದು ಶಬ್ದವು ಬಳಕೆ ತಪ್ಪಿದರೆ ನಿಘಂಟುಕಾರನಿಗೆ ಅದರಿಂದ ಒಂದಿಷ್ಟು ಕೆಲಸವೆಂದು ನಾವು ಸುಮ್ಮನಾಗುವೆವು. ವಿಚಾರಿಸಿ ನೋಡಿದರೆ ಆ ಶಬ್ದದೊಡನೆ ಒಂದು ಆಚಾರವೋ, ಒಂದು ಹೊಣೆಯೋ, ಕೆಲವೊಮ್ಮೆ ಒಂದು ಅನ್ಯಾಯವೋ ಲೋಕದಿಂದ ತೆರಳಿರುತ್ತದೆ. ತೆರಳಿದುದು ಯಾವುದು, ಅದಕ್ಕಾಗಿ ಮರುಗಬೇಕೋ ಸಂತೋಷಪಡಬೇಕೋ ಎಂಬುದು ನೀತಿಯ ಪ್ರಶ್ನೆ. ಆಂಗ್ಲ ಭಾಷೆಯಲ್ಲಿ ಸಾವು, ಪಯಣ, ಶವಸಂಸ್ಕಾರಗಳನ್ನು ಹೇಳುತ್ತಿದ್ದು ಈಗ ಬಳಕೆ ತಪ್ಪಿಹೋದ ಕೆಲವು ಮಾತುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದು ಉಪಯುಕ್ತವಾದೀತು.

ಹಳೆಯ ಆಂಗ್ಲರು ಒಬ್ಬನು ಸತ್ತನೆಂಬುದನ್ನು ‘ಫೋರ್ತ್‌ಫೇರನ್’ ಎಂಬ ಕ್ರಿಯಾಪದದಿಂದ ಹೇಳುತ್ತಿದ್ದರು. ‘ಮುಂದಕ್ಕೆ ನಡೆದನು’ ಎಂಬುದೇ ಇದರ ಅರ್ಥ. 9ನೆಯ ಶತಮಾನದ ಕೊನೆಯಲ್ಲಿ, ಆಲ್‌ಫ್ರೆಡ್ ಅರಸನ ಕಾಲದಲ್ಲಿ ಬರೆಯತೊಡಗಿದ ಆಂಗ್ಲೋ ಸ್ಯಾಕ್ಸನ್ ಕಾಲಾನುಕ್ರಮಣಿಕೆಯಲ್ಲಿ ಅರಸರ, ಬಿಷಪ್ಪರ ಮರಣಗಳೆಲ್ಲ ಬಹುಮಟ್ಟಿಗೆ ಈ ಮಾತಿನಿಂದಲೇ ದಾಖಲಾಗಿವೆ. ಅದೇ ಧಾತುವಿನಿಂದ ‘ಫೋರ್ತ್‌ಫೇರ್’ ಎಂಬ ನಾಮಪದವೂ ಬಂದಿತು. ಮುಂದೆ ಅದು ಸಾವಿನ ಗಂಟೆಗೂ ಹೆಸರಾಯಿತು. 1604ರ ಇಂಗ್ಲೆಂಡ್ ಚರ್ಚಿನ ನಿಯಮಾವಳಿಯು, ಒಬ್ಬನು ಈ ಲೋಕದಿಂದ ತೆರಳುತ್ತಿರುವಾಗಲೇ ಗಂಟೆ ಬಾರಿಸಬೇಕೆಂದೂ, ಪಾದ್ರಿಯು ಆ ಸಮಯದಲ್ಲಿ ತನ್ನ ಕರ್ತವ್ಯದಲ್ಲಿ ಉದಾಸೀನನಾಗಬಾರದೆಂದೂ ವಿಧಿಸಿತ್ತು. ಇದರ ಮರ್ಮವನ್ನು ಗಮನಿಸಬೇಕು. ಆ ಗಂಟೆಯು ಸತ್ತವನ ಸುದ್ದಿಯನ್ನು ಸಾರುವುದಕ್ಕಾಗಿ ಮೊಳಗುತ್ತಿರಲಿಲ್ಲ. ಇನ್ನೂ ಉಸಿರಾಡುತ್ತಿರುವವನಿಗಾಗಿ ಊರಿನವರೆಲ್ಲ ತಮ್ಮ ಕೆಲಸವನ್ನು ನಿಲ್ಲಿಸಿ ಪ್ರಾರ್ಥಿಸಲಿ ಎಂದು ಕರೆಯುತ್ತಿತ್ತು. ಕವಿಯೂ ಧರ್ಮೋಪದೇಶಕನೂ ಆಗಿದ್ದ ಜಾನ್ ಡನ್ 1623ರಲ್ಲಿ ಕಠಿಣವಾದ ಕಾಯಿಲೆಯಿಂದ ಮಲಗಿದ್ದಾಗ ಇಂತಹ ಗಂಟೆಯನ್ನು ಕೇಳಿ, ಪರರಿಗಾಗಿ ಬಾರಿಸಿದ ಅದರಲ್ಲಿ ತನ್ನ ಪಾಲೂ ಉಂಟೆಂದು ಕಂಡುಕೊಂಡು, 1624ರಲ್ಲಿ ಪ್ರಕಟಿಸಿದ ತನ್ನ ಚಿಂತನಗ್ರಂಥದಲ್ಲಿ ಅದನ್ನು ಬರೆದಿಟ್ಟನು. ಕಾಲಕ್ರಮದಲ್ಲಿ ಪ್ರಾಣ ಹೋದ ಮೇಲೆಯೇ ಗಂಟೆ ಬಾರಿಸುವ ರೂಢಿಯಾಯಿತು. ಕರೆಯಾಗಿದ್ದುದು ವರದಿಯಾಯಿತು. ‘ಫೋರ್ತ್‌ಫೇರ್’ ಎಂಬ ಮಾತೂ ಮರೆಯಾಯಿತು.

ಇನ್ನೊಂದು ಶಬ್ದ ‘ಲಿಚ್’. ಹಳೆಯ ಆಂಗ್ಲದಲ್ಲಿ ಇದಕ್ಕೆ ದೇಹವೆಂದೂ ಶವವೆಂದೂ ಎರಡರ್ಥ. ಜೀವವಿರುವ ಮೈಗೂ ಜೀವವಿಲ್ಲದ ಮೈಗೂ ಒಂದೇ ಮಾತು ಸಾಕಾಗಿದ್ದ ಕಾಲವದು. ಈ ಶಬ್ದವು ಒಂಟಿಯಾಗಿ ಅಳಿದಿದ್ದರೂ ‘ಲಿಚ್‌ಗೇಟ್’ ಎಂಬ ಸಮಾಸದಲ್ಲಿ ಉಳಿದಿದೆ. ಹೊತ್ತು ತಂದ ಶವವನ್ನು ಇಳಿಸಿ ಪಾದ್ರಿಯು ಬರುವವರೆಗೆ ಕಾಯುತ್ತಿದ್ದ, ಚರ್ಚಿನ ಅಂಗಳದ ಮಾಡು ಹೊದೆಸಿದ ಬಾಗಿಲಿಗೆ ಈ ಹೆಸರು. ಇಂಗ್ಲೆಂಡಿನ ನೈರುತ್ಯದಲ್ಲಿರುವ ಡಾರ್ಟ್‌ಮೂರ್ ಎಂಬ ಬೋಳುಗುಡ್ಡಗಳ ಸೀಮೆಯಲ್ಲಿ ‘ಲಿಚ್ ವೇ’ ಎಂಬ ಕಾಲುದಾರಿ ಇಂದಿಗೂ ಉಂಟು. ಆ ಸೀಮೆಯ ದೂರದ ಒಕ್ಕಲುಗಳವರು ತಮ್ಮ ಮೃತರನ್ನು ಲಿಡ್‌ಫರ್ಡ್ ಗ್ರಾಮದ ಚರ್ಚಿಗೆ ಮೈಲಿಗಟ್ಟಲೆ ಹೊತ್ತು ನಡೆಯಬೇಕಾಗಿತ್ತು. ಅವರ ಕಷ್ಟವನ್ನು ಅರಿತ ಎಕ್ಸೆಟರಿನ ಬಿಷಪ್ ಬ್ರಾನ್ಸ್‌ಕೂಂಬ್ 1260ರಲ್ಲಿ ಅವರಲ್ಲಿ ಕೆಲವರಿಗೆ ಹತ್ತಿರದ ವೈಡಿಕೂಂಬ್ ಚರ್ಚನ್ನು ಬಳಸಲು ಅಪ್ಪಣೆಯಿತ್ತನು. ಶವವನ್ನು ಇರುಳೆಲ್ಲ ಎಚ್ಚರದಿಂದ ಕಾಯುವುದಕ್ಕೆ ‘ಲೈಕ್‌ವೇಕ್’ ಎಂದು ಹೆಸರು. ನಮ್ಮ ಹಳ್ಳಿಗಳಲ್ಲಿ ಮೃತರ ಬಳಿ ರಾತ್ರಿಯೆಲ್ಲ ಭಜನೆ ಮಾಡುತ್ತ ಕುಳಿತಿರುವ ಪದ್ಧತಿಯನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಈ ಮಾತುಗಳೆಲ್ಲವೂ ಏನನ್ನು ಹೇಳುತ್ತವೆ? ಬಾರಿಸು, ಪ್ರಾರ್ಥಿಸು, ಹೊರು, ಕಾಯು ಎಂಬ ಕೆಲಸಗಳನ್ನು ಹೇಳುತ್ತವೆ. ಅವು ಬದುಕಿರುವವರ ಕೈಗೂ ಹೆಗಲಿಗೂ ಕಣ್ಣಿಗೂ ಒಪ್ಪಿಸಿದ ಹೊಣೆಗಳು. 17ನೆಯ ಶತಮಾನದ ಕೊನೆಯ ಹೊತ್ತಿಗೆ ‘ಅಂಡರ್‌ಟೇಕರ್’ ಎಂಬ ಮಾತು, ಅಂದರೆ ಯಾವುದೇ ಕೆಲಸವನ್ನು ವಹಿಸಿಕೊಳ್ಳುವವನು ಎಂಬ ಸಾಮಾನ್ಯ ಪದವು, ಶವಸಂಸ್ಕಾರವನ್ನು ಕೂಲಿಗೆ ನಡೆಸಿಕೊಡುವವನಿಗೆ ಸಲ್ಲತೊಡಗಿತು. ಹೊಣೆಯನ್ನು ಇನ್ನೊಬ್ಬನು ವಹಿಸಿಕೊಂಡ ಮೇಲೆ ಹೊಣೆಯ ಹೆಸರುಗಳು ಮನೆಯವರ ನಾಲಗೆಯಿಂದ ಜಾರಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹಳೆಯದೆಲ್ಲವೂ ಒಳ್ಳೆಯದಾಗಿತ್ತು, ಅಳಿದ ಮಾತಿಗೆಲ್ಲ ಅಳಬೇಕು ಎಂದು ತೀರ್ಮಾನಿಸುವುದು ಅವಿಚಾರ. ‘ಸೋಲ್‌ಸ್ಕಾಟ್’ ಎಂಬ ಇನ್ನೊಂದು ಮಾತನ್ನು ನೋಡಿರಿ. ಸತ್ತವನ ಆತ್ಮದ ಹೆಸರಿನಲ್ಲಿ ಚರ್ಚಿಗೆ ಸಲ್ಲಬೇಕಾದ ಕಾಣಿಕೆಯಿದು. ತೆರೆದ ಗೋರಿಯ ಬಳಿಯಲ್ಲೇ ಇದನ್ನು ಸಲ್ಲಿಸುವುದು ಉತ್ತಮವೆಂದು 11ನೆಯ ಶತಮಾನದ ಕ್ಯಾನ್ಯೂಟ್ ಅರಸನ ಶಾಸನವು ಹೇಳುತ್ತದೆ. ಇದರ ಮುಂದಿನ ರೂಪವೇ ‘ಮಾರ್ಚುಅರಿ’. ಇಂದು ಈ ಮಾತನ್ನು ಕೇಳಿದರೆ ಆಸ್ಪತ್ರೆಯ ಶವಾಗಾರವು ನೆನಪಾಗುತ್ತದೆ. ಆ ಅರ್ಥವು 19ನೆಯ ಶತಮಾನದ್ದು. ಅದಕ್ಕೆ ಮೊದಲು, ಸತ್ತವನ ಸೊತ್ತಿನಿಂದ ಪಾದ್ರಿಯು ತೆಗೆದುಕೊಳ್ಳುತ್ತಿದ್ದ ದನವನ್ನೋ ಉಡುಪನ್ನೋ ಈ ಶಬ್ದವು ಸೂಚಿಸುತ್ತಿತ್ತು.

1511ರಲ್ಲಿ ಲಂಡನ್ ನಗರದ ರಿಚರ್ಡ್ ಹನ್ ಎಂಬ ವರ್ತಕನ ಹಸುಗೂಸು ತೀರಿಕೊಂಡಿತು. ಮಗುವಿಗೆ ಜ್ಞಾನಸ್ನಾನದ ಕಾಲದಲ್ಲಿ ಸುತ್ತಿದ್ದ ಬಟ್ಟೆಯನ್ನು ಮಾರ್ಚುಅರಿಯಾಗಿ ಕೊಡಬೇಕೆಂದು ಪಾದ್ರಿಯು ಕೇಳಿದನು. ಹನ್ ಕೊಡಲೊಲ್ಲದೆ ಹೋದನು. ವ್ಯಾಜ್ಯವು ಬೆಳೆದು, ಕೊನೆಗೆ ಪಾಷಂಡಿಯೆಂಬ ಆರೋಪದ ಮೇಲೆ ಸೆರೆಯಾದ ಅವನು 1514ರ ಡಿಸೆಂಬರಿನಲ್ಲಿ ಬಿಷಪ್ಪನ ಸೆರೆಮನೆಯಲ್ಲಿ ನೇಣಿನಲ್ಲಿ ತೂಗುತ್ತಿದ್ದುದು ಕಂಡುಬಂದಿತು. ಸತ್ತ ಮೇಲೆಯೂ ಬಿಡದೆ ಅವನ ದೇಹವನ್ನು ಪಾಷಂಡಿಯ ದೇಹವೆಂದು ಸುಟ್ಟರು. ಸಾವಿನ ವಿಚಾರಣೆ ಮಾಡಿದ ಪಂಚರು ಇದು ಕೊಲೆಯೆಂದೇ ತೀರ್ಮಾನಿಸಿದರು. 1529ರಲ್ಲಿ ಪಾರ್ಲಿಮೆಂಟು ಈ ಕಾಣಿಕೆಗೆ ಮಿತಿಯನ್ನು ಕಟ್ಟಿ, ಮಕ್ಕಳ ಮರಣದಲ್ಲಿ ಇದನ್ನು ತೆಗೆದುಕೊಳ್ಳಕೂಡದೆಂದು ವಿಧಿಸಿತು. ಒಂದು ತುಂಡು ಬಟ್ಟೆಗಾಗಿ ತಂದೆಯ ದುಃಖದ ಮೇಲೆ ದಾವೆ ಹೂಡಿದ ಆ ಮಾತು ಹಳೆಯ ಅರ್ಥದಲ್ಲಿ ಅಳಿದುದು ಲೋಕಕ್ಕೆ ಹಿತವೇ ಆಯಿತು.

ಮೂರನೆಯ ಬಗೆಯ ಮಾತುಗಳು ಅಳಿಯದೆ ಅರ್ಥವನ್ನು ಕಳೆದುಕೊಂಡವು. ‘ಪ್ಲಾಸಿಬೋ’ ಎಂಬುದು ಲ್ಯಾಟಿನ್ ಪದ. ‘ನಾನು ಮೆಚ್ಚಿಸುವೆನು’ ಎಂದು ಇದರ ಅರ್ಥ. ಮಧ್ಯಯುಗದ ಚರ್ಚಿನಲ್ಲಿ ಮೃತರಿಗಾಗಿ ಹಾಡುತ್ತಿದ್ದ ಸಂಜೆಯ ಪ್ರಾರ್ಥನೆಯ ಮೊದಲ ಪದ ಇದಾಗಿದ್ದುದರಿಂದ ಆ ಪ್ರಾರ್ಥನೆಗೇ ಇದು ಹೆಸರಾಯಿತು. ದೇವರ ಮುಂದೆ ಆಡುತ್ತಿದ್ದ ಈ ಮಾತು, ಮೆಚ್ಚಿಸುವ ಮಾತನ್ನಾಡಿ ಕೆಲಸ ಸಾಧಿಸಿಕೊಳ್ಳುವವರಿಗೆ ಅಂಟಿಕೊಂಡಿತು. 14ನೆಯ ಶತಮಾನದ ಚಾಸರ್ ಕವಿಯು ತನ್ನ ಕಥೆಯೊಂದರಲ್ಲಿ ಮುಖಸ್ತುತಿ ಮಾಡುವವನಿಗೆ ಪ್ಲಾಸಿಬೋ ಎಂದೇ ಹೆಸರಿಟ್ಟನು. 18ನೆಯ ಶತಮಾನದ ಕೊನೆಯ ಭಾಗದಲ್ಲಿ, ರೋಗಿಯ ಸಮಾಧಾನಕ್ಕಾಗಿಯೇ ಕೊಡುವ ಔಷಧಕ್ಕೆ ವೈದ್ಯರು ಇದೇ ಹೆಸರನ್ನು ಬಳಸಿದರು. ಪ್ರಾರ್ಥನೆಯು ಮುಖಸ್ತುತಿಯಾಗಿ, ಮುಖಸ್ತುತಿಯು ಸಾರವಿಲ್ಲದ ಗುಳಿಗೆಯಾಯಿತು. ‘ಸ್ಟಾರ್ವ್’ ಎಂಬ ಮಾತಿನ ಕಥೆಯೂ ಮನನೀಯವಾದುದು. ಮೊದಲು ಇದಕ್ಕೆ ಸಾಯುವುದೆಂಬಷ್ಟೇ ಅರ್ಥವಿತ್ತು. ಇಂದು ಅದು ಹಸಿವಿನಿಂದ ನರಳುವುದನ್ನೂ ಸಾಯುವುದನ್ನೂ ಹೇಳುತ್ತದೆ. ಮನೆಯ ಮಗುವು ಊಟಕ್ಕೆ ಸ್ವಲ್ಪ ತಡವಾದರೆ ಇದೇ ಮಾತನ್ನಾಡುವುದುಂಟು. ಸಾವಿನ ಭಾರವೆಲ್ಲ ಇಳಿದುಹೋದ ಮೇಲೆ ನಿಜವಾಗಿ ಹಸಿದು ಸಾಯುತ್ತಿರುವವನ ಪಾಲಿಗೆ ಯಾವ ಮಾತು ಉಳಿಯಿತು?

ಹೀಗೆ ಮೂರು ಬಗೆಗಳಾದುವು. ಹೊಣೆಯನ್ನು ಹೇಳುತ್ತಿದ್ದ ಮಾತು ಅಳಿದರೆ ನಷ್ಟ. ಸುಲಿಗೆಯನ್ನು ಹೇಳುತ್ತಿದ್ದುದು ಅಳಿದರೆ ಲಾಭ. ಒಳಗಿನ ಅರ್ಥವು ಅಳಿದು ಹೊರಗಿನ ಸದ್ದು ಉಳಿದರೆ ಅಪಾಯ. ಮೊದಲೆರಡರಲ್ಲಿ ಆದುದು ಕಣ್ಣಿಗೆ ಕಾಣುತ್ತದೆ. ಮೂರನೆಯದರಲ್ಲಿ ಕಾಣುವುದಿಲ್ಲ, ಆದುದರಿಂದಲೇ ಅದನ್ನು ಹೆಚ್ಚು ಎಚ್ಚರದಿಂದ ನೋಡಬೇಕು.

ದುಃಖದಲ್ಲಿರುವವರ ಮುಂದೆ ಮೆದುವಾದ ಮಾತನ್ನಾಡುವುದು ದಯೆಯಲ್ಲವೇ ಎಂದು ಯಾರಾದರೂ ಕೇಳಬಹುದು. ದಯೆಯೇ ಸರಿ. ಸತ್ತನೆಂಬ ಬಿರುಸಾದ ಮಾತಿಗೆ ಬದಲಾಗಿ ‘ಮುಂದಕ್ಕೆ ನಡೆದನು’ ಎಂದ ಹಳೆಯ ಆಂಗ್ಲರೂ ಮೆದುವಾದ ಮಾತನ್ನೇ ಆಡಿದರು. ಆದರೆ ಅವರು ಆ ಮಾತನ್ನಾಡಿ ಮನೆಯಲ್ಲಿ ಕುಳಿತಿರಲಿಲ್ಲ. ಗಂಟೆ ಕೇಳಿ ಪ್ರಾರ್ಥಿಸಿದರು, ಹೆಗಲು ಕೊಟ್ಟು ಗುಡ್ಡವನ್ನು ದಾಟಿದರು. ಕೃತಿಯೊಡನೆ ಬರುವ ಮೃದುವಚನವು ದಯೆ. ಕೃತಿಗೆ ಬದಲಾಗಿ ಬರುವ ಮೃದುವಚನವು ಹೊಣೆ ತಪ್ಪಿಸಿಕೊಳ್ಳುವ ಉಪಾಯ. ನುಡಿಗೆ ನಡೆಯೇ ಒರೆಗಲ್ಲು ಎಂಬ ಶರಣರ ನಿಲುವು ಸಾವಿನ ಮನೆಯಲ್ಲಿಯೂ ಸಲ್ಲತಕ್ಕುದು.

ಈ ವಿಚಾರವು ನಮ್ಮ ಬಾಗಿಲಿಗೂ ಬಂದು ನಿಲ್ಲುತ್ತದೆ. ನಾವು ‘ಲಿಂಗೈಕ್ಯರಾದರು’ ಎನ್ನುತ್ತೇವೆ. ಷಟ್‌ಸ್ಥಲದಲ್ಲಿ ಐಕ್ಯವು ಭಕ್ತಸ್ಥಲದಿಂದ ಮೊದಲಾದ ಸಾಧನೆಯ ಆರನೆಯ ನೆಲೆ. ಅದು ಬದುಕಿರುವಾಗಲೇ ಅಂಗಗುಣವಳಿದು ಸಾಧಿಸಬೇಕಾದ ಸಾಮರಸ್ಯವೆಂದು ಶರಣರು ಬೋಧಿಸಿದರು. ನಾವೀಗ ಆ ಮಾತನ್ನು ವೃತ್ತಪತ್ರಿಕೆಯ ಮರಣವಾರ್ತೆಯಲ್ಲಿ ಎಲ್ಲರಿಗೂ ಸಮನಾಗಿ ಅಚ್ಚು ಹಾಕಿಸುತ್ತಿರುವೆವು. ಸಾವಿನ ಮಾತೊಂದು ಹಸಿವಿಗೆ ಇಳಿದಂತೆ, ಬಾಳಿನ ಮಾತೊಂದು ಇಲ್ಲಿ ಸಾವಿಗೆ ಇಳಿದಿದೆ. ಮೃತರಲ್ಲಿ ಗೌರವವಿರಿಸಿ ಹಾಗೆ ಹೇಳುವುದು ತಪ್ಪೆಂದು ನಾನು ಹೇಳಲಾರೆ. ಸತ್ತವರ ಯೋಗ್ಯತೆಯನ್ನು ತೂಗುವ ಅಧಿಕಾರ ನಮಗಿಲ್ಲ. ಆ ಮಾತನ್ನಾಡುವ ಬದುಕಿರುವವರಾದರೋ ಅದರ ಅರ್ಥದಿಂದ ತಮ್ಮನ್ನು ತಾವು ತೂಗಿಕೊಳ್ಳಬಹುದಷ್ಟೆ. ಮರಣಸೂತಕವನ್ನು ಅಲ್ಲಗಳೆದ ಪರಂಪರೆಯವರಾದ ನಾವು ಸಾವಿನ ಮನೆಗೆ ಅಂಜದೆ ಹೋಗುತ್ತಿರುವೆವೋ? ಬಡವನ ಮನೆಯ ಕ್ರಿಯೆಯಲ್ಲಿ ಯಾರೂ ಕಾಣಿಕೆಗಾಗಿ ಕೈ ನೀಡದಂತೆ ನೋಡಿಕೊಂಡಿರುವೆವೋ?

ಭಾಷೆಯಲ್ಲಿ ಅಳಿದ ಮಾತನ್ನು ನಿಘಂಟಿನಿಂದ ಎತ್ತಿ ತಂದು ಬದುಕಿಸುವುದು ವಿದ್ವಾಂಸರಿಗೂ ಅಸಾಧ್ಯ. ಆದರೆ ಅರ್ಥಗುಂದಿದ ಮಾತಿಗೆ ಮತ್ತೆ ಅರ್ಥವನ್ನು ತುಂಬುವುದು ಸಾಮಾನ್ಯನಿಗೂ ಸಾಧ್ಯ. ನೆರೆಮನೆಯಲ್ಲಿ ಒಬ್ಬರು ಕೊನೆಯುಸಿರೆಳೆಯುತ್ತಿರುವರೆಂದು ತಿಳಿದಾಗ, ಮರುದಿನ ಹೇಳಬೇಕಾದ ಸಂತಾಪದ ಮಾತನ್ನು ಯೋಚಿಸುವುದಕ್ಕೆ ಮೊದಲು, ಅಂದೇ ಎದ್ದು ಹೋಗಿ ಅವರ ಹಾಸಿಗೆಯ ಬಳಿ ಕುಳಿತುಕೊಳ್ಳುವುದು ಅದರ ಆರಂಭ.