ಬೆನ್ನಿಗೆ ಬೇಕಾದ ಬಿಸಿಲು

ಮೈಸೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಹಸಿರು ಮರಿಯಾಮೆ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಿರುತ್ತದೆ. ಕಣ್ಣಿನ ಹಿಂದೆ ಒಂದು ಕೆಂಪು ಪಟ್ಟೆ. ಊರು ಅಮೆರಿಕದ ಮಿಸಿಸಿಪಿ ಕಣಿವೆ, ಹೆಸರು ರೆಡ್ ಇಯರ್ಡ್ ಸ್ಲೈಡರ್. ಎಲ್ಲಿಯದೋ ಈ ಜೀವಿ ನಮ್ಮ ವಾಸ್ತುವಿನೊಳಗೂ ಬಂದು ಸೇರಿಕೊಂಡಿದೆ. ಮನೆಯ ಉತ್ತರಕ್ಕೆ ಆಮೆಯಿದ್ದರೆ ಒಳ್ಳೆಯದಂತೆ ಎಂದು ಕೊಂಡು ತರುವವರುಂಟು, ಮಕ್ಕಳ ಹಟಕ್ಕೆ ಸೋತು ತರುವವರೂ ಉಂಟು. ಉತ್ತರದ ಆ ಮೂಲೆಗೆ ಬಿಸಿಲು ಬೀಳುತ್ತದೆಯೇ ಎಂದು ವಿಚಾರಿಸುವವರು ಕಡಿಮೆ.

ಚಿಪ್ಪನ್ನು ನಾವು ಆಮೆಯ ಮನೆ ಎಂದುಕೊಂಡಿದ್ದೇವೆ. ಬೇಕಾದಾಗ ಒಳಹೋಗಿ ಬಾಗಿಲು ಹಾಕಿಕೊಳ್ಳುವ ಮನೆ. ಆದರೆ ಆಮೆ ಅದರಿಂದ ಹೊರಗೆ ಬರಲಾರದು. ಅದರ ಬೆನ್ನುಮೂಳೆ, ಪಕ್ಕೆಲುಬುಗಳೇ ಅಗಲವಾಗಿ ಬೆಸೆದುಕೊಂಡು ಬೆನ್ನಿನ ಚಿಪ್ಪಾಗಿವೆ. ಮೇಲಿನ ಹೊದಿಕೆ ನಮ್ಮ ಉಗುರಿನ ವಸ್ತುವಾದ ಕೆರಾಟಿನ್ನಿನದು. ನಡುವೆ ಹದಿಮೂರು ದೊಡ್ಡ ಹಲಗೆಗಳು, ಅಂಚಿನ ಸುತ್ತ ಚಿಕ್ಕವು. ಒಳಗೆ ರಕ್ತ ಹರಿಯುತ್ತದೆ, ನರಗಳಿವೆ. ಬೆರಳು ತಾಗಿದರೆ ಅದಕ್ಕೆ ಗೊತ್ತಾಗುತ್ತದೆ. ಮಕ್ಕಳು ಚೆಂದಕ್ಕೆಂದು ಅದರ ಮೇಲೆ ಬಣ್ಣ ಬಳಿಯುವುದನ್ನು ಕಂಡಾಗ ನನಗೆ ಇದೆಲ್ಲ ನೆನಪಾಗುತ್ತದೆ.

ಇಂದ್ರಿಯಗಳನ್ನು ಒಳಗೆಳೆದುಕೊಂಡ ಸ್ಥಿತಪ್ರಜ್ಞನಿಗೆ ಗೀತೆ ಆಮೆಯ ಹೋಲಿಕೆ ಕೊಟ್ಟಿತು. ಅಂದಿನಿಂದ ಚಿಪ್ಪೆಂದರೆ ಲೋಕದ ಹಂಗಿಲ್ಲದ ಜಾಗ ಎಂಬ ಭಾವ ನಮ್ಮಲ್ಲಿ ಉಳಿದಿದೆ. ಹೋಲಿಕೆಯ ಮಟ್ಟಿಗೆ ಅದು ಸರಿಯೇ. ಸಾಕುವವನ ಅನುಭವ ಮಾತ್ರ ಬೇರೆ: ಲೋಕದ ಹಂಗು ಆಮೆಯ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಆ ಚಿಪ್ಪಿಗೇ. ಹೊರಗಿನ ಬಿಸಿಲು, ನೀರು, ಮೇವು ಮೂರೂ ಸೇರಿ ಅದನ್ನು ಕಟ್ಟಬೇಕು.

ಮೊದಲನೆಯದು ಬಿಸಿಲು. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಚರ್ಮಕ್ಕೆ ತಾಗಿದಾಗ ಮೈಯಲ್ಲಿ ಡಿ3 ಜೀವಸತ್ವ ಹುಟ್ಟುತ್ತದೆ. ಅದಿದ್ದರೆ ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಇಲ್ಲದಿದ್ದರೆ ರಕ್ತ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಮೂಳೆಯಿಂದಲೇ ಕೀಳುತ್ತದೆ. ಆಮೆಗೆ ಮೂಳೆಯೆಂದರೆ ಬಹುಪಾಲು ಚಿಪ್ಪೇ. ವರ್ಷ ಕಳೆದರೂ ಚಿಪ್ಪು ಗಟ್ಟಿಯಾಗದೆ, ಒತ್ತಿದರೆ ಬಗ್ಗುತ್ತದೆ, ಅಂಚು ಮೇಲಕ್ಕೆ ಸುರುಳುತ್ತದೆ. ಹಾಗೆ ಸೊಟ್ಟಗೆ ಬೆಳೆದದ್ದು ಆಮೇಲೆ ನೆಟ್ಟಗಾಗುವುದು ಅಪರೂಪ. ಕಿಟಕಿಯ ಪಕ್ಕ ತೊಟ್ಟಿ ಇಟ್ಟಿದ್ದೇವಲ್ಲ ಎನ್ನುತ್ತಾರೆ. ಗಾಜು ಬೆಳಕನ್ನು ಒಳಬಿಟ್ಟು ಈ ಕಿರಣವನ್ನು ತಡೆಯುತ್ತದೆ.

ಮೈಸೂರಿಗೆ ಬಿಸಿಲಿನ ಬರವೇನೂ ಇಲ್ಲ. ಏಪ್ರಿಲ್ ಕೊನೆಯಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ, ಆಗಸ್ಟಿನಲ್ಲಿ ಮೋಡದ ಮರೆಯಲ್ಲಿ ಇನ್ನೊಮ್ಮೆ. ತಾರಸಿಯಲ್ಲಿ ಅಗಲವಾದ ಟಬ್ಬು, ಅರ್ಧಕ್ಕೆ ನೆರಳು, ಹತ್ತಿ ಕೂರಲು ಒಂದು ಕಲ್ಲು, ಕಾಗೆ ಹದ್ದುಗಳಿಗೆ ಸಿಗದಂತೆ ಮೇಲೊಂದು ಬಲೆ ಇದ್ದರೆ ಬೆಳಗಿನ ಹೊತ್ತು ಸಾಕು. ಗಾಜಿನ ತೊಟ್ಟಿಯನ್ನೇ ಬಿಸಿಲಿಗಿಟ್ಟರೆ ನೀರು ಕಾದು ಆಮೆ ಸಾಯುತ್ತದೆ. ಮಳೆಗಾಲದ ಮಬ್ಬಿನ ವಾರಗಳಿಗೆ ಯುವಿ-ಬಿ ದೀಪ ಬೇಕು. ಕಲ್ಲು ಹತ್ತಿ ಮೈ ಪೂರ್ತಿ ಒಣಗಿಸಿಕೊಳ್ಳುವುದೂ ಚಿಪ್ಪಿಗೆ ಔಷಧಿಯೇ. ಸದಾ ಒದ್ದೆಯಿರುವ ಚಿಪ್ಪಿಗೆ ಪಾಚಿ ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ.

ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಎಣ್ಣೆಗೆ ಕೊಳೆ ಅಂಟುತ್ತದೆ, ಅಷ್ಟೇ. ಮಚ್ಚೆ ಕಂಡರೆ ಅರಿಶಿನ. ನಮ್ಮಲ್ಲಿ ಅರಿಶಿನ ಹಚ್ಚದೆ ಬಿಟ್ಟದ್ದು ಯಾವುದಿದೆ! ಬೆಳೆಯುವ ಆಮೆಯ ಚಿಪ್ಪಿನಿಂದ ತೆಳ್ಳಗಿನ, ಪಾರದರ್ಶಕ ಹಾಳೆಗಳು ಏಳುವುದು ಸಹಜ. ಅವನ್ನು ಕೀಳಬಾರದು, ತಾವೇ ಉದುರುತ್ತವೆ. ಮೆತ್ತಗಿನ ಗುಳಿ, ಕೆಂಪು ಛಾಯೆ, ಕೆಟ್ಟ ವಾಸನೆ ಇದ್ದರೆ ಅದು ಕೊಳೆತ. ಅದಕ್ಕೆ ಮನೆಮದ್ದು ಸಾಲದು. ಸರೀಸೃಪಗಳನ್ನು ಬಲ್ಲ ಪಶುವೈದ್ಯರೇ ನೋಡಬೇಕು.

ಕೊಳೆತಕ್ಕೆ ಮುಖ್ಯ ಕಾರಣ ಹೊಲಸು ನೀರು. ಆಮೆ ಮೀನಿಗಿಂತ ಎಷ್ಟೋ ಹೆಚ್ಚು ಗಲೀಜು ಮಾಡುತ್ತದೆ. ದೊಡ್ಡ ಫಿಲ್ಟರ್ ಇದ್ದರೂ ನೀರು ಬದಲಿಸುತ್ತಲೇ ಇರಬೇಕು. ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಮುಟ್ಟಿದ ಮೇಲೆ ಕೈಗೆ ಸೋಪು ಹಾಕಿ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮಕ್ಕಳಿಗೆ ಅದು ತಗುಲುತ್ತದೆಂದೇ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿತು. ಮೇವಿನ ವಿಷಯದಲ್ಲಿ ಅನ್ನ, ಬ್ರೆಡ್ಡು ಬೇಡ. ಬರೀ ಒಣ ಸಿಗಡಿಯೂ ಸಾಲದು. ಆಮೆಗೆಂದೇ ಮಾಡಿದ ಕಾಳಿನ ಜೊತೆ ಕಾಂಪೌಂಡಿನ ದಾಸವಾಳದ ಎಲೆ, ಹೂವು ಕೊಡಬಹುದು. ಕ್ಯಾಲ್ಸಿಯಮ್ಮಿಗೆ, ಪಂಜರದ ಹಕ್ಕಿಗಳಿಗೆ ಇಡುವ ಸಮುದ್ರ ನೊರೆಯ (ಕಟಲ್‌ಬೋನ್) ತುಂಡನ್ನು ನೀರಿಗೆ ಹಾಕಿದರೆ ಕಚ್ಚಿ ತಿನ್ನುತ್ತದೆ.

ಚೆನ್ನಾಗಿ ಸಾಕಿದರೆ ಇದು ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ, ಹೆಣ್ಣು 25 ಸೆಂಟಿಮೀಟರ್ ದಾಟುತ್ತದೆ. ಹಟ ಮಾಡಿ ತರಿಸಿಕೊಂಡ ಮಗು ಓದು ಮುಗಿಸಿ ಬೆಂಗಳೂರಿಗೆ ಹೋದಾಗಲೂ ಆಮೆಗೆ ನಡುವಯಸ್ಸು. ಕೈಬಿಡುವ ಯೋಚನೆ ಬರುವುದು ಆಗಲೇ, ಹತ್ತಿರದ ಕೆರೆ ಕಣ್ಣಿಗೆ ಬೀಳುವುದೂ ಆಗಲೇ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯಿದೆ. ನಮ್ಮ ಕೆರೆಯಾಮೆಗಳ ಮೇವನ್ನೂ ಬಿಸಿಲು ಕಾಯುವ ಕಲ್ಲನ್ನೂ ಅದು ಕಸಿಯುತ್ತದೆ. ನಮ್ಮ ನಕ್ಷತ್ರ ಆಮೆಯನ್ನೋ ಕೆರೆಯ ಮೆದುಚಿಪ್ಪಿನ ಆಮೆಯನ್ನೋ ಬದಲಿಗೆ ಸಾಕೋಣವೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಸಾಕಲಾರಿರಾದರೆ ಸಾಕಬಲ್ಲ ಇನ್ನೊಬ್ಬರನ್ನು ಹುಡುಕಿ ಕೊಡಿ. ಕುಕ್ಕರಹಳ್ಳಿ ಕೆರೆಗೂ ಲಿಂಗಾಂಬುಧಿ ಕೆರೆಗೂ ಬಿಡಬೇಡಿ.