ದೇವರನಾಮ ಮೂಡಿಗೆ ಮಾತ್ರೆಯೇ?



ದುಬೈನಲ್ಲೂ ಚಳಿನಾ ಅಂತ ಊರಿನವರು ನಗ್ತಾರೆ. ಜನವರಿಯ ಬೆಳಗಿನ ಜಾವ 14-15 ಡಿಗ್ರಿ ಇರುತ್ತೆ, ಕೆಲವು ದಿನ ದಟ್ಟ ಮಂಜು ಬೇರೆ. ಶಾರ್ಜಾದಿಂದ ದುಬೈಗೆ ಬರುವ ಅಲ್ ಇತ್ತಿಹಾದ್ ರಸ್ತೆಯಲ್ಲಿ ಕಾರುಗಳು ಆಮೆಯ ಹಾಗೆ ತೆವಳುತ್ತವೆ. ದಿನವೂ ಅದೇ ದಾರಿಯಲ್ಲಿ ಆಫೀಸಿಗೆ ಹೋಗುವ ನನ್ನ ಶಿಷ್ಯೆಯೊಬ್ಬಳು ಕೇಳಿದಳು: "ಮೇಡಂ, ಬೆಳಿಗ್ಗೆ ಮೂಡೇ ಇರಲ್ಲ. ಕಾರಲ್ಲಿ ಹಾಕ್ಕೊಳ್ಳೋಕೆ ಉತ್ಸಾಹ ಬರೋ ಅಂಥ ನಾಲ್ಕು ದೇವರನಾಮ ಹೇಳಿ."

ನನಗೆ ಕಸಿವಿಸಿಯಾಯ್ತು. ದೇವರನಾಮ ಅಂದ್ರೆ ತಲೆನೋವಿನ ಮಾತ್ರೆಯೇ? ದೀಪ ಹಚ್ಚಿ, ಕೂತು ಹಾಡಬೇಕಾದ್ದನ್ನು ಹಾರ್ನ್‌ಗಳ ನಡುವೆ ಕೇಳೋದೇ? "ಯೋಚಿಸಿ ಹೇಳ್ತೀನಿ" ಅಂದೆ.

ಯೋಚಿಸಿದಾಗ ನನ್ನ ಅರ್ಧ ಆಕ್ಷೇಪ ತಾನಾಗಿ ಬಿದ್ದುಹೋಯ್ತು. ಪುರಂದರದಾಸರು (1484–1564) ಹಾಡಿದ್ದು ದೇವರಮನೆಯಲ್ಲಿ ಕೂತು ಮಾತ್ರವಲ್ಲ. ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಮೀಟುತ್ತಾ, ಗೋಪಾಳಬುಟ್ಟಿ ಹಿಡಿದು ಬೀದಿಬೀದಿ ನಡೆದು ಹಾಡಿದವರು ದಾಸರು. ಅವರ ಆರಾಧನೆ ಬರೋದೂ ಪುಷ್ಯ ಅಮಾವಾಸ್ಯೆಗೆ, ಚಳಿಗಾಲದಲ್ಲೇ. ದಾರಿಯಲ್ಲಿ ಹುಟ್ಟಿದ ಹಾಡನ್ನು ದಾರಿಯಲ್ಲಿ ಕೇಳಿದರೆ ತಪ್ಪೇನು?

ಉಳಿದದ್ದು ಇನ್ನರ್ಧ: ಮೂಡಿಗೋಸ್ಕರ ಕೇಳಬಹುದೇ?

ಅಮ್ಮ ತೀರಿಕೊಂಡ ವರ್ಷ, ಇಂಥದೇ ಚಳಿಯಲ್ಲಿ ಮೆಟ್ರೋದಲ್ಲಿ ಪಾಠಕ್ಕೆ ಹೋಗ್ತಾ ಪಂಡಿತ್ ಭೀಮಸೇನ ಜೋಶಿಯವರು ಹಾಡಿದ ದಾಸರಪದ ಕೇಳ್ತಿದ್ದೆ. ಮನಸ್ಸು ಹಗುರಾಗಲಿಲ್ಲ. ತಲೆ ತಗ್ಗಿಸಿ ಅತ್ತೆ. ಮಾತ್ರೆ ಅಂತ ತಗೊಂಡಿದ್ದರೆ, ನಾಟಲಿಲ್ಲ ಅಂತ ಅವತ್ತೇ ಬಿಟ್ಟುಬಿಡ್ತಿದ್ದೆ. ಆದರೆ ಮರುದಿನವೂ ಕೇಳಿದೆ. ದುಃಖ ಹಾಗೇ ಇತ್ತು. ಅದನ್ನು ಹೇಳಿಕೊಳ್ಳೋಕೆ ಒಬ್ಬನಿದ್ದಾನೆ ಅನ್ನೋದು ಮಾತ್ರ ಹೊಸದಾಗಿ ಗೊತ್ತಾಯ್ತು.

ದಾಸರೇನು ಸದಾ ನಗುನಗುತ್ತಾ ಹಾಡಿದವರೇ? ಹರಿಯ ಹತ್ತಿರ ಜಗಳವಾಡಿದ್ದಾರೆ, ದೂರಿದ್ದಾರೆ, ಗೋಳಾಡಿದ್ದಾರೆ. ಮನಸ್ಸು ಸರಿಯಾದ ಮೇಲೆ ಬರ್ತೀವಿ ಅಂತ ಕಾಯಲಿಲ್ಲ. ಇದ್ದ ಮನಸ್ಸನ್ನೇ ಅವನ ಮುಂದೆ ಇಟ್ಟರು. ಉತ್ಸಾಹ ಬಂದರೆ ಅದು ಪ್ರಸಾದ. ಪ್ರಸಾದ ಬೇಡ ಅನ್ನಬಾರದು, ಪ್ರಸಾದಕ್ಕೆ ಮಾತ್ರ ದೇವಸ್ಥಾನಕ್ಕೆ ಹೋಗಲೂಬಾರದು.

ಶಿಷ್ಯೆಗೆ ಬೌಳಿ, ಮಲಯಮಾರುತದಂಥ ಬೆಳಗಿನ ರಾಗಗಳಲ್ಲಿ ಹಾಡಿದ ಎರಡು ಪದ ಹೇಳಿದೆ. ಜೊತೆಗೆ ಮೊರೆಯಿಡುವ ಪದ ಎರಡು. "ಬರೀ ಕೇಳಬೇಡ, ಪಲ್ಲವಿಯನ್ನಾದರೂ ಜೊತೆಗೆ ಹಾಡ್ಕೋ" ಅಂದೆ.

ಮುಂದಿನ ವಾರ ಬಂದವಳೇ ಕೇಳಿದಳು: "ಮೇಡಂ, ಬೇಜಾರಲ್ಲಿ ಹಾಡೋ ಪದಗಳು ಇನ್ನೂ ಇವೆಯಾ?"

"ಅವೇ ಜಾಸ್ತಿ ಕಣಮ್ಮ" ಅಂದು ತಂಬೂರಿ ಶ್ರುತಿ ಮಾಡಿದೆ.

ಶ್ರೀಕೃಷ್ಣಾರ್ಪಣಮಸ್ತು.